ಇಟ್ಟದ್ದು ಇಟ್ಟಂತೆ ಇರುವುದಿಲ್ಲ



ನಮ್ಮ ಊರು ಶಿವಮೊಗ್ಗದ ಕಡೆ. ಭತ್ತ ಬಡಿದು ಮುಗಿದ ಮೇಲೆ ಹುಲ್ಲಿನ ಬಣವೆ ಒಟ್ಟುವ ಕೆಲಸವನ್ನು ನಮ್ಮ ತಂದೆ ಯಾರ ಕೈಗೂ ಬಿಡುತ್ತಿರಲಿಲ್ಲ. ಅಕಾಲದ ಮಳೆಗೆ ಸಿಕ್ಕಿ ಹುಲ್ಲಿನಲ್ಲಿ ಹಸಿ ಉಳಿದ ವರ್ಷವಂತೂ ಅವರಿಗೆ ನೆಮ್ಮದಿಯೇ ಇಲ್ಲ. ದಿನವೂ ಬೆಳಿಗ್ಗೆ ಹೋಗಿ ಬಣವೆಯ ಮಗ್ಗುಲಿಗೆ ತೋಳಿನವರೆಗೆ ಕೈ ತೂರಿಸಿ ನೋಡುತ್ತಿದ್ದರು. ಹೊರಗೆ ಇಬ್ಬನಿ ಬಿದ್ದು ಬಣವೆ ತಣ್ಣಗಿರುತ್ತಿತ್ತು. ಒಳಗೆ ಮಾತ್ರ ಆಗ ತಾನೇ ಇಳಿಸಿದ ಅನ್ನದ ಪಾತ್ರೆಯಂಥ ಬಿಸಿ. "ಹೊಟ್ಟೆ ಕಾದಿದೆ, ಬಿಚ್ರೋ" ಎನ್ನುತ್ತಿದ್ದರು. ಅಷ್ಟು ಕಷ್ಟಪಟ್ಟು ಒಟ್ಟಿದ್ದನ್ನು ಬಿಚ್ಚಿ, ಮತ್ತೆ ಕಣದ ತುಂಬ ಹರವುವುದು. ಬೀಡಿಯ ಕಿಡಿ ಇಲ್ಲದೆ, ಸಿಡಿಲು ಬಡಿಯದೆ, ಬಣವೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು ಎಂಬುದನ್ನು ನಾನು ಕಲಿತದ್ದು ಹಾಗೆ.

ಮುಂದೆ ನನ್ನ ಅನ್ನ ಮಂಗಳೂರಿನ ಕಡೆ ಬರೆದಿತ್ತು. ಮೂವತ್ತು ವರ್ಷ ರಾಸಾಯನಿಕಗಳ ಉಗ್ರಾಣದಲ್ಲಿ ಕೆಲಸ ಮಾಡಿದೆ. ಡ್ರಮ್ಮು, ಕ್ಯಾನು, ಸಿಲಿಂಡರು, ಟ್ಯಾಂಕು, ಬಂದರಿನಿಂದ ಬರುವ ಟ್ಯಾಂಕರು, ಇವುಗಳ ನಡುವೆಯೇ ಕೂದಲು ನರೆಯಿತು. ಕಾರ್ಖಾನೆಯಲ್ಲಿ ಎಲ್ಲರ ಕಣ್ಣು ಯಂತ್ರ ತಿರುಗುವ ಕಡೆ, ಬೆಂಕಿ ಉರಿಯುವ ಕಡೆ ಇರುತ್ತದೆ. ಉಗ್ರಾಣ ಎಂದರೆ ಏನೂ ನಡೆಯದ ಜಾಗ ಎಂದು ಎಲ್ಲರ ಲೆಕ್ಕ. ಸರಕು ಬಂತು, ಇಳಿಸಿದೆವು, ಬೀಗ ಹಾಕಿದೆವು, ಮುಗಿಯಿತು. ಅದು ತಪ್ಪು ಲೆಕ್ಕ. ಇಟ್ಟದ್ದು ಇಟ್ಟಂತೆ ಇರುವುದಿಲ್ಲ. ಇವತ್ತು ನಾನು ಹೇಳಲು ಬಂದಿರುವುದು ಅಷ್ಟನ್ನೇ. ಆದರೆ ಆ ಒಂದು ಮಾತು ತಿಳಿಯದೆ ಎಷ್ಟು ಜೀವ ಹೋಗಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2020ರ ಮೇ 7. ವಿಶಾಖಪಟ್ಟಣದ ಹೊರವಲಯದಲ್ಲಿ ಆರ್.ಆರ್. ವೆಂಕಟಾಪುರಂ ಎಂಬ ಊರು. ಅದಕ್ಕೆ ಅಂಟಿಕೊಂಡೇ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆ. ಕೊರೊನಾ ಲಾಕ್‌ಡೌನ್ ಆಗಿ ಆರು ವಾರ ಕಳೆದಿತ್ತು. ಯಂತ್ರಗಳು ನಿಂತಿದ್ದವು, ಕೆಲಸದವರಲ್ಲಿ ಹೆಚ್ಚಿನವರು ಮನೆಯಲ್ಲಿದ್ದರು. ನಸುಕಿನ ಮೂರು ಗಂಟೆಯ ಹೊತ್ತಿಗೆ ಒಂದು ಟ್ಯಾಂಕಿನಿಂದ ಆವಿ ಹೊರಟಿತು. ಮಲಗಿದ್ದ ಊರಿನ ಮೇಲೆ ಹರಡಿತು. ಎದ್ದು ಓಡಿದವರು ರಸ್ತೆಯಲ್ಲೇ ಕುಸಿದರು. ಹನ್ನೆರಡು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಎಮ್ಮೆ ದನಗಳು ಕಟ್ಟಿದ ಗೂಟದಲ್ಲೇ ಬಿದ್ದಿದ್ದವು.

ಆ ಟ್ಯಾಂಕಿನಲ್ಲಿ ಇದ್ದದ್ದು ಸ್ಟೈರೀನ್. ನೋಡಲು ನೀರಿನಷ್ಟೇ ತಿಳಿ. ನಾವು ಥರ್ಮೊಕೋಲ್ ಎನ್ನುವ ಬಿಳಿ ಹಲಗೆ, ಮೊಸರಿನ ತೆಳು ಲೋಟ ಎಲ್ಲ ಆಗುವುದು ಇದರಿಂದಲೇ. ಇದರ ಅಣುಗಳಿಗೆ ಒಂದು ಸ್ವಭಾವ ಉಂಟು. ಒಂದರ ಕೈ ಇನ್ನೊಂದು ಹಿಡಿದು ಸರಪಳಿಯಾಗಿ ಗಟ್ಟಿಯಾಗುತ್ತಾ ಹೋಗುವುದು. ಆ ಸ್ವಭಾವದಿಂದಲೇ ಪ್ಲಾಸ್ಟಿಕ್ ಆಗುವುದು, ಅಪಾಯ ಹುಟ್ಟುವುದೂ ಅದರಿಂದಲೇ. ಕೈ ಹಿಡಿಯುವಾಗಲೆಲ್ಲ ಶಾಖ ಹೊರಬೀಳುತ್ತದೆ, ಶಾಖ ಏರಿದಂತೆ ಕೈ ಹಿಡಿಯುವ ವೇಗವೂ ಏರುತ್ತದೆ. ಹೊರಗಿನಿಂದ ಯಾರೂ ಏನೂ ಮಾಡಬೇಕಾಗಿಲ್ಲ. ನಮ್ಮ ತಂದೆಯ ಬಣವೆಯದೇ ಕಥೆ, ಸಾವಿರಕ್ಕೂ ಹೆಚ್ಚು ಟನ್ನಿನ ಅಳತೆಯಲ್ಲಿ.

ಹಾಗಾಗಿ ಸ್ಟೈರೀನನ್ನು ತಣ್ಣಗೆ ಇಡಬೇಕು, ಜೊತೆಗೆ ಟಿಬಿಸಿ ಎಂಬ ತಡೆಮದ್ದು ಬೆರೆಸಿರಬೇಕು. ಹತ್ತು ಲಕ್ಷ ಪಾಲಿಗೆ ಹತ್ತು ಹದಿನೈದು ಪಾಲು ಸಾಕು, ಅಷ್ಟು ಸಣ್ಣ ಪ್ರಮಾಣ. ಆದರೆ ಈ ಮದ್ದು ಹಾಕಿದ್ದು ಹಾಕಿದಂತೆ ಉಳಿಯುವುದಿಲ್ಲ, ಕೆಲಸ ಮಾಡುತ್ತಾ ಮಾಡುತ್ತಾ ತೀರಿಹೋಗುತ್ತದೆ. ಅದು ಕೆಲಸ ಮಾಡಬೇಕಾದರೆ ದ್ರವದಲ್ಲಿ ಒಂದಿಷ್ಟು ಆಮ್ಲಜನಕವೂ ಕರಗಿರಬೇಕು. ಇನ್ನೊಂದು ಸಂಗತಿ ಇದೆ, ಇದನ್ನು ಕೇಳಿದಾಗ ನನಗೇ ಬೆರಗಾಗಿತ್ತು. ಸ್ಟೈರೀನ್ ಆವಿಯಾದಾಗ ಟಿಬಿಸಿ ಅದರ ಜೊತೆ ಮೇಲೇಳುವುದಿಲ್ಲ. ಟ್ಯಾಂಕಿನ ಚಾವಣಿಯ ಒಳಮೈಗೆ ತಾಗಿ ಹನಿಯಾದ ಸ್ಟೈರೀನಿಗೆ ಯಾವ ಕಾವಲೂ ಇಲ್ಲ. ಅಲ್ಲಿ ಅದು ತೊಟ್ಟು ತೊಟ್ಟಾಗಿ ಗಟ್ಟಿಯಾಗಿ ಜೋತುಬೀಳುತ್ತದೆ.

ಅಲ್ಲಿನ ರಾಜ್ಯ ಸರ್ಕಾರದ ಉನ್ನತಾಧಿಕಾರ ಸಮಿತಿ ವಿಚಾರಣೆ ಮಾಡಿ ಕಂಡುಕೊಂಡದ್ದು ಇದು. 2019ರ ಡಿಸೆಂಬರಿನಲ್ಲಿ ಆ ಟ್ಯಾಂಕಿನ ಕೊಳವೆ ವ್ಯವಸ್ಥೆಯನ್ನು ಬದಲಾಯಿಸಿದ್ದರು. ಆಮೇಲೆ ತಣಿಸಿದ ದ್ರವ ಟ್ಯಾಂಕಿನ ತುಂಬ ಕಲೆಯುತ್ತಿರಲಿಲ್ಲ, ತಳದಲ್ಲಿ ತಣ್ಣಗಿನದು, ಮೇಲೆ ಬಿಸಿಯಾದದ್ದು, ಪದರ ಪದರವಾಗಿ ನಿಂತಿತು. ತಾಪಮಾಪಕ ಇದ್ದದ್ದು ತಳದಲ್ಲಿ ಮಾತ್ರ. ತಣಿಸುವ ಯಂತ್ರವನ್ನು ಸಂಜೆಗೆ ನಿಲ್ಲಿಸಿಬಿಡುತ್ತಿದ್ದರು. ತೀರಿದ ಟಿಬಿಸಿಯನ್ನು ತುಂಬಲು ಸ್ಥಳದಲ್ಲಿ ದಾಸ್ತಾನು ಇರಲಿಲ್ಲ. ಸ್ಟೈರೀನ್ ಕುದಿಯುವುದು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಟ್ಯಾಂಕಿನ ಒಳಗೆ ಅದಕ್ಕೂ ಮೇಲೆ ಏರಿತ್ತು. ಸೈರನ್ ಇತ್ತು, ಆ ರಾತ್ರಿ ಅದು ಮೊಳಗಲಿಲ್ಲ.

ಕೇಳುಗರೇ, ನಾನು ಆ ವರದಿಯ ಸುದ್ದಿ ಓದಿದಾಗ ತಳದ ತಾಪಮಾಪಕದ ಸಾಲಿನ ಹತ್ತಿರ ನಿಂತುಬಿಟ್ಟೆ. ತಳ ತಣ್ಣಗಿದೆ ಎಂದು ಪ್ರತಿದಿನ ಯಾರೋ ಒಬ್ಬರು ನಂಬಿಕೆಯಿಂದ ಪುಸ್ತಕದಲ್ಲಿ ಬರೆದಿರುತ್ತಾರೆ. ಬರೆದದ್ದು ಸುಳ್ಳಲ್ಲ. ಆದರೆ ಬಣವೆಯ ಬುಡ ಮುಟ್ಟಿ ತಣ್ಣಗಿದೆ ಎಂದಂತಾಯಿತು. ಕೈ ಹೋಗಬೇಕಾದದ್ದು ಹೊಟ್ಟೆಗೆ.

ಭೋಪಾಲದ ವಿಷಾನಿಲ ದುರಂತದ ಕಥೆಯೂ ಇಂಥದ್ದೇ. ಭೋಪಾಲ ಎಂದಾಗ ನಮಗೆ ಒಂದು ರಾತ್ರಿ ನೆನಪಾಗುತ್ತದೆ, 1984ರ ಡಿಸೆಂಬರ್ 2ರ ರಾತ್ರಿ. ಆದರೆ ಆ ರಾತ್ರಿ ಶುರುವಾದದ್ದು ತಿಂಗಳುಗಳ ಹಿಂದೆ. ಮೀಥೈಲ್ ಐಸೊಸಯನೇಟ್ ಎಂಬ ವಿಷದ್ರವ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇರಬೇಕಾದದ್ದು. ಅದನ್ನು ತಂಪಾಗಿಡುವ ಶೀತಲಯಂತ್ರವನ್ನು ಅದೇ ವರ್ಷದ ಜೂನ್‌ನಲ್ಲೇ ನಿಲ್ಲಿಸಿದ್ದರು. ಅಲ್ಲಿನ ಕಾರ್ಖಾನೆಯ ಟ್ಯಾಂಕಿನಲ್ಲಿ ಸುಮಾರು 40 ಟನ್ ಸುಮ್ಮನೆ ಕೂತಿತ್ತು. ಅಷ್ಟನ್ನು ಕೂಡಿಡುವ ಅಗತ್ಯವೇ ಇರಲಿಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ. ಇಲ್ಲದ ವಿಷ ಸೋರಲಾರದು. ನೀರು ಒಳಹೊಕ್ಕಿತು, ದ್ರವ ಕಾದಿತು, ಮುಂದಿನದು ಎಲ್ಲರಿಗೂ ಗೊತ್ತಿದೆ.

ಈಗ ನನ್ನದೇ ಉಗ್ರಾಣದ ಒಂದು ಸಂಗತಿ ಹೇಳುತ್ತೇನೆ. ಕಾರ್ಖಾನೆಯ ಹೆಸರು ಬೇಡ.

ಹೈಡ್ರೋಜನ್ ಪೆರಾಕ್ಸೈಡ್ ಎಂಬ ದ್ರವವನ್ನು ಬಟ್ಟೆ, ಕಾಗದ ಬಿಳುಪು ಮಾಡಲು ಬಳಸುತ್ತಾರೆ. ಇದು ಸದಾ ಒಂದಿಷ್ಟೊಂದಿಷ್ಟೇ ಒಡೆದು ನೀರಾಗುತ್ತಾ ಆಮ್ಲಜನಕ ಬಿಡುತ್ತಿರುತ್ತದೆ. ಅದಕ್ಕಾಗಿ ಇದರ ಕ್ಯಾನಿನ ಮುಚ್ಚಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಿಂಡಿ ಇರುತ್ತದೆ. ನಾವು ಅದಕ್ಕೆ ಉಸಿರಾಡುವ ಮುಚ್ಚಳ ಎನ್ನುತ್ತಿದ್ದೆವು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾನು ಸಾಲಿನಲ್ಲಿ ನಡೆದು ಬರುವಾಗ ಒಂದು ಕ್ಯಾನು ಬೇರೆಯವುಗಳಂತೆ ಕಾಣಲಿಲ್ಲ. ಚೌಕಾಕಾರದ ಕ್ಯಾನಿನ ಮೂಲೆಗಳು ಮಾಯವಾಗಿದ್ದವು. ತಳ ಉಬ್ಬಿ, ನೆಲದ ಮೇಲೆ ಅದು ಸಣ್ಣಗೆ ಓಲಾಡುತ್ತಿತ್ತು. ಮುಚ್ಚಳ ನೋಡಿದರೆ ಬೇರೆ ಬಣ್ಣದ್ದು. ಕೇಳಿದಾಗ ನಮ್ಮ ಹುಡುಗ, ಬಾಗಲಕೋಟೆ ಕಡೆಯವನು, ಕೆಲಸಕ್ಕೆ ಬಂದು ಎಂಟು ದಿನವಾಗಿತ್ತು, ಮುಂದೆ ಬಂದ. "ಸರ, ಅದು ಸುಂಯ್ ಅನ್ನಾಕತ್ತಿತ್ತ್ರೀ. ಲೀಕ್ ಐತಿ ಅಂತ ಬ್ಯಾರೆ ಮುಚ್ಚಳ ಗಟ್ಟಿ ಬಿಗಿದೆ" ಎಂದ.

ಅವನು ಮಾಡಿದ್ದು ಒಳ್ಳೆಯ ಕೆಲಸ ಎಂದುಕೊಂಡೇ ಮಾಡಿದ್ದು. ಸೋರುವುದನ್ನು ಕಂಡು ಕಣ್ಣು ಮುಚ್ಚಿಕೊಂಡು ಹೋಗದೆ ಬಿಗಿದಿದ್ದ. ಎಲ್ಲರನ್ನೂ ಹೊರಗೆ ಕಳಿಸಿ, ದೂರದಿಂದ ಪೈಪಿನಲ್ಲಿ ನೀರು ಹಾಯಿಸಿ ಗಂಟೆಗಟ್ಟಲೆ ತಣಿಸಿದೆವು. ಒಡೆಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕ್ಯಾನಿನ ಮೇಲೆ ಎಲ್ಲ ಬರೆದಿತ್ತು, ಮುಚ್ಚಳ ಬದಲಾಯಿಸಬಾರದು ಎಂದೂ ಬರೆದಿತ್ತು. ಇಂಗ್ಲಿಷಿನಲ್ಲಿ ಬರೆದಿತ್ತು. ಕಚೇರಿಯ ಕಪಾಟಿನಲ್ಲಿ ಸುರಕ್ಷತಾ ವಿವರಪತ್ರವೂ ಇತ್ತು. ಅದರಲ್ಲಿ 16 ಭಾಗ, ಏಳನೆಯದರಲ್ಲಿ ಹೇಗೆ ಇಡಬೇಕು ಎಂಬುದು, ಹತ್ತನೆಯದರಲ್ಲಿ ಯಾವುದರ ಜೊತೆ ಸೇರಬಾರದು ಎಂಬುದು. ಅದೂ ಇಂಗ್ಲಿಷಿನಲ್ಲೇ. ಕ್ಯಾನನ್ನು ಎತ್ತಿ ಇಳಿಸುವ ಕೈ ಒಂದು, ಓದಬಲ್ಲ ಕಣ್ಣು ಇನ್ನೊಂದು, ಎರಡರ ನಡುವೆ ಒಂದು ಬಾಗಿಲು ಮುಚ್ಚಿತ್ತು.

ಮರುದಿನವೇ ನಾನು ಬಣ್ಣದ ಡಬ್ಬಿ ತರಿಸಿ ಪ್ರತಿ ಸಾಲಿನ ಗೋಡೆಯ ಮೇಲೆ ದಪ್ಪ ಕನ್ನಡದಲ್ಲಿ ಬರೆಸಿದೆ. ಇದಕ್ಕೆ ಏನು ಬೇಕು. ಇದಕ್ಕೆ ಏನು ಆಗದು. ಕೆಟ್ಟರೆ ಮೊದಲು ಏನು ಮಾಡಬೇಕು. ಮೂರೇ ಸಾಲು. ಪೆರಾಕ್ಸೈಡಿನ ಗೋಡೆಗೆ ಆ ಹುಡುಗನೇ ಹೇಳಿಕೊಟ್ಟ ಸಾಲು ಹಾಕಿದೆವು: "ಸುಂಯ್ ಅಂದರೆ ಹೆದರಬೇಡಿ, ಉಸಿರಾಡುತ್ತಿದೆ. ಸುಮ್ಮನಾದರೆ ಹೇಳಿ." ಕರ್ನಾಟಕದಲ್ಲಿ ಅಪಾಯಕಾರಿ ಸರಕು ಇಡುವ ಪ್ರತಿ ಉಗ್ರಾಣದಲ್ಲೂ ಕನ್ನಡ ಬರಹ ಇರಲೇಬೇಕು ಎಂದು ನಾನು ಹಟ ಹಿಡಿದು ಹೇಳುತ್ತಾ ಬಂದಿದ್ದೇನೆ. ಅದು ಭಾಷೆಯ ಅಭಿಮಾನದ ಮಾತಷ್ಟೇ ಅಲ್ಲ, ಜೀವದ ಮಾತು. ಕೆಲಸಕ್ಕೆ ಬರುವವರಲ್ಲಿ ಒಡಿಶಾದವರು, ಬಿಹಾರದವರು ಇದ್ದರೆ ಅವರ ಅಕ್ಷರವೂ ಗೋಡೆಯ ಮೇಲೆ ಬರಲಿ.

ಒಂದೊಂದು ವಸ್ತುವಿಗೂ ಒಂದೊಂದು ಹಟ. ಬಿಳಿ ರಂಜಕ ಗಾಳಿಗೆ ತೆರೆದರೆ ಹೊತ್ತಿಕೊಳ್ಳುತ್ತದೆ, ಅದನ್ನು ನೀರಿನೊಳಗೆ ಮುಳುಗಿಸಿ ಇಡಬೇಕು. ಸೋಡಿಯಂ ಲೋಹಕ್ಕೆ ಆ ನೀರೇ ಆಗದು, ಅದನ್ನು ಸೀಮೆಎಣ್ಣೆಯಲ್ಲಿ ಇಡಬೇಕು. ಎರಡನ್ನೂ ಶಾಲೆಯ ಪ್ರಯೋಗಶಾಲೆಯಲ್ಲಿ ನೋಡಿದ್ದೀರಿ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಹೇಗೆ ಕೊತಕೊತ ಕುದಿಯುತ್ತದೆ ಎಂದು ಹಳ್ಳಿಯವರಿಗೆ ಹೇಳಬೇಕಾಗಿಲ್ಲ. ಗಂಧಕಾಮ್ಲದ ಹಟ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಆಸಿಡ್ ಎಂದರೆ ಕಬ್ಬಿಣವನ್ನು ತಿನ್ನುತ್ತದೆ ಎಂದುಕೊಳ್ಳುತ್ತೇವೆ. ನೂರಕ್ಕೆ 98 ಪಾಲಿನ ಗಟ್ಟಿ ಗಂಧಕಾಮ್ಲ ಸಾಮಾನ್ಯ ಉಕ್ಕಿನ ಟ್ಯಾಂಕಿನಲ್ಲಿ ಸುಮ್ಮನೆ ಕೂರುತ್ತದೆ, ಟ್ಯಾಂಕರಿನಲ್ಲಿ ಊರಿಂದೂರಿಗೆ ಹೋಗುತ್ತದೆ. ಉಕ್ಕಿನ ಒಳಮೈಯಲ್ಲಿ ತೆಳ್ಳನೆಯ ಒಂದು ಪೊರೆ ಕಟ್ಟಿಕೊಂಡು ಅದೇ ಕಾಪಾಡುತ್ತದೆ. ಅದಕ್ಕೆ ಮಳೆನೀರು ಸೇರಿತೋ, ತೆಳುವಾದ ಆಸಿಡ್ ಉಕ್ಕನ್ನು ಕೊರೆಯಲು ಶುರುಮಾಡುತ್ತದೆ, ಕೊರೆಯುತ್ತಾ ಜಲಜನಕವನ್ನು ಬಿಡುತ್ತದೆ. ಜಲಜನಕ ಎಂದರೆ ಒಂದು ಕಿಡಿಗಾಗಿ ಕಾದು ಕೂತ ಅನಿಲ. ಖಾಲಿಯಾಯಿತು ಎಂದು ನೀರು ಹಾಕಿ ತೊಳೆದ ಆಸಿಡ್ ಟ್ಯಾಂಕಿಗೆ ವೆಲ್ಡಿಂಗ್ ಮಾಡಲು ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ನಮ್ಮ ಕಸುಬಿನಲ್ಲಿ "ಖಾಲಿ" ಎಂಬ ಮಾತಿಗಿಂತ ಅಪಾಯದ ಮಾತು ನನಗೆ ಗೊತ್ತಿಲ್ಲ.

ಊರೂರಿಗೆ ಇರುವ ನೀರಿನ ಶುದ್ಧೀಕರಣ ಘಟಕಗಳ ಬಗ್ಗೆಯೂ ಒಂದು ಮಾತು. ಅಲ್ಲಿ ಹಳದಿ ಬಣ್ಣದ ಉದ್ದನೆಯ ಕ್ಲೋರಿನ್ ಪೀಪಾಯಿಗಳನ್ನು ನೀವು ನೋಡಿರಬಹುದು, ಟನ್ನರ್ ಎನ್ನುತ್ತಾರೆ, ಒಂದರಲ್ಲಿ ಸುಮಾರು 900 ಕಿಲೋ. ಅಡ್ಡ ಮಲಗಿಸಿದಾಗ ಎರಡು ವಾಲ್ವು ಒಂದರ ಮೇಲೊಂದು ಬರುವಂತೆ ಇಡುವುದು ಕ್ರಮ. ಮೇಲಿನದು ಅನಿಲ ಕೊಡುತ್ತದೆ, ಕೆಳಗಿನದು ದ್ರವ. ಸೋರಿಕೆ ಆದರೆ ಅನುಭವಿಗಳು ಮೊದಲು ಮಾಡುವುದು ಸೋರುವ ಜಾಗ ಮೇಲೆ ಬರುವಂತೆ ಪೀಪಾಯಿಯನ್ನು ಉರುಳಿಸುವುದು. ಅನಿಲವಾಗಿ ಸೋರಿದರೆ ನಿಧಾನ. ದ್ರವವಾಗಿ ಸೋರಿದರೆ ಹೊರಗೆ ಬಂದ ಒಂದು ಲೀಟರು ನಾನೂರು ಚಿಲ್ಲರೆ ಲೀಟರು ಅನಿಲವಾಗಿ ಹಬ್ಬುತ್ತದೆ. ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಅಮೋನಿಯಾ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಸುತ್ತಿ ಹತ್ತಿರ ಹಿಡಿಯುತ್ತಾರೆ, ಸೋರುವ ಕಡೆ ಬೆಳ್ಳನೆ ಹೊಗೆ ಏಳುತ್ತದೆ. ಸೋರುವ ಜಾಗಕ್ಕೆ ನೀರು ಮಾತ್ರ ಹಾಕಬಾರದು. ಒದ್ದೆ ಕ್ಲೋರಿನ್ ಲೋಹವನ್ನು ತಿಂದು ತೂತನ್ನು ಇನ್ನೂ ದೊಡ್ಡದು ಮಾಡುತ್ತದೆ. ಇವನ್ನೆಲ್ಲ ಬಲ್ಲವರು ಅಲ್ಲಿ ರಾತ್ರಿ ಪಾಳಿಯಲ್ಲೂ ಇರಬೇಕು, ಹಗಲಿನಲ್ಲಿ ಮಾತ್ರ ಅಲ್ಲ.

ಇಟ್ಟು ಮರೆತದ್ದಕ್ಕೆ ಬೈರೂತ್ ಬಂದರು ಸಾಕ್ಷಿ. 2013ರಲ್ಲಿ ಹಡಗೊಂದು 2,750 ಟನ್ ಅಮೋನಿಯಂ ನೈಟ್ರೇಟ್ ಹೊತ್ತು ಆ ಬಂದರಿಗೆ ಬಂತು. ಮರುವರ್ಷ ಸರಕನ್ನು ಇಳಿಸಿ ಹನ್ನೆರಡನೆಯ ಉಗ್ರಾಣದಲ್ಲಿ ಇಟ್ಟರು. ಕಾಗದ ಓಡಾಡಿತು, ಸರಕು ಅಲ್ಲೇ ಕೂತಿತು. 2020ರ ಆಗಸ್ಟ್ 4ರಂದು ಅದು ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಸುದ್ದಿ ಬಂದ ಮೇಲೆ ಚೆನ್ನೈ ಹತ್ತಿರದ ಮನಲಿಯಲ್ಲಿ 2015ರಿಂದ ಜಪ್ತಿಯಾಗಿ ಬಿದ್ದಿದ್ದ ಸುಮಾರು 700 ಟನ್ ಅಮೋನಿಯಂ ನೈಟ್ರೇಟ್ ಎಲ್ಲರ ನೆನಪಿಗೆ ಬಂತು, ಹೈದರಾಬಾದಿಗೆ ಸಾಗಿಸಿದರು. ಅಷ್ಟು ವರ್ಷ ಅದರ ಸುತ್ತ ಜನ ವಾಸ ಮಾಡಿಕೊಂಡಿದ್ದರು. ನೆನಪಾಗಲು ಇನ್ನೊಂದು ಊರು ಸುಡಬೇಕಾಯಿತಲ್ಲ ಎಂಬುದು ನನ್ನ ಸಂಕಟ.

ನಮ್ಮ ಜಿಲ್ಲೆಯವರಿಗೆ 2021ರ ಜನವರಿ 21ರ ರಾತ್ರಿ ಮರೆಯುವಂಥದ್ದಲ್ಲ. ಹತ್ತೂಕಾಲು ದಾಟಿತ್ತು. ಕಿಟಕಿ ಬಾಗಿಲು ಗಡಗಡ ಎಂದವು. ಶಿವಮೊಗ್ಗದಲ್ಲಷ್ಟೇ ಅಲ್ಲ, ಚಿಕ್ಕಮಗಳೂರಿನ ಕಡೆಯೂ ಜನ ಭೂಕಂಪವೆಂದು ಮನೆಯಿಂದ ಹೊರಗೆ ಬಂದು ನಿಂತರು. ಬೆಳಗಾದ ಮೇಲೆ ತಿಳಿಯಿತು, ಹುಣಸೋಡಿನ ಕಲ್ಲುಕ್ವಾರಿಯ ಹತ್ತಿರ ಲಾರಿಯಲ್ಲಿದ್ದ ಸ್ಫೋಟಕ ಸಿಡಿದಿತ್ತು. ಉಗ್ರಾಣವನ್ನು ಬಿಟ್ಟು ರಸ್ತೆಗೆ ಬಂದರೆ ಅಪಾಯ ಕಡಿಮೆಯಾಗುವುದಿಲ್ಲ, ಅದಕ್ಕೆ ಚಕ್ರ ಬರುತ್ತದೆ, ಅಷ್ಟೇ.

ರಸ್ತೆಯ ವಿಷಯಕ್ಕೆ ಬಂದೆ. ನಿಮ್ಮ ಮುಂದೆ ಹೋಗುವ ಟ್ಯಾಂಕರಿನ ಹಿಂಬದಿಯ ಫಲಕವನ್ನು ಎಂದಾದರೂ ಓದಿದ್ದೀರಾ? ಅಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದು ವಿಶ್ವಸಂಸ್ಥೆ ಆ ವಸ್ತುವಿಗೆ ಕೊಟ್ಟ ಸಂಖ್ಯೆ, ಯಾವ ದೇಶಕ್ಕೆ ಹೋದರೂ ಅದೇ. 1203 ಎಂದರೆ ಪೆಟ್ರೋಲ್. 1075 ಅಡುಗೆ ಅನಿಲ. 1005 ಅಮೋನಿಯಾ. 1017 ಕ್ಲೋರಿನ್. 2055 ನಾನು ಹೇಳಿದ ಆ ಸ್ಟೈರೀನ್. ಅದರ ಮೇಲೆ ಒಂದು ಅಂಕಿ, ಒಂದೆರಡು ಅಕ್ಷರದ ಸಂಕೇತ ಇರುತ್ತದೆ. ಪೆಟ್ರೋಲ್ ಟ್ಯಾಂಕರಿನಲ್ಲಿ ಸಾಮಾನ್ಯವಾಗಿ 3ವೈಇ. ಮೂರು ಎಂದರೆ ನೊರೆ ಹಾಕಿ ನಂದಿಸಿ. ವೈ ಎಂದರೆ ಚರಂಡಿಗೆ ಹರಿಯಲು ಬಿಡಬೇಡಿ, ಉಸಿರಾಟದ ಸಾಧನ ತೊಟ್ಟು ಹೋಗಿ. ಇ ಎಂದರೆ ಸುತ್ತಲಿನ ಜನರನ್ನು ತೆರವು ಮಾಡುವ ಯೋಚನೆ ಮಾಡಿ. ಅಗ್ನಿಶಾಮಕದವರಿಗೆ ಅಷ್ಟು ದೂರದಿಂದಲೇ ತಿಳಿಯಲಿ ಎಂದು ಆ ಮೂರು ಗುರುತು. ಅವಘಡವಾದರೆ ಏನು ಮಾಡಬೇಕೆಂದು ಹೇಳುವ ಟ್ರೆಮ್ ಕಾರ್ಡ್ ಎಂಬ ಕಾಗದ ಚಾಲಕನ ಕ್ಯಾಬಿನ್ನಿನಲ್ಲಿ ಇರಬೇಕು, ಅವನಿಗೆ ವಿಶೇಷ ತರಬೇತಿ ಆಗಿರಬೇಕು, ಒಂದು ಭಾರತೀಯ ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು ಎಂದು ನಮ್ಮ ಮೋಟಾರು ವಾಹನ ನಿಯಮ ಹೇಳುತ್ತದೆ. ನಿಯಮ ಒಳ್ಳೆಯದಿದೆ. ಫಲಕದ ಮೇಲೆ ಕೆಸರು ಮೆತ್ತಿ ಸಂಖ್ಯೆ ಕಾಣದ ಟ್ಯಾಂಕರುಗಳನ್ನು ನಾನು ಶಿರಾಡಿ ಘಾಟಿಯಲ್ಲಿ ಎಣಿಸಲಾರದಷ್ಟು ನೋಡಿದ್ದೇನೆ.

2013ರ ಏಪ್ರಿಲ್ 9ರಂದು ಶಿರಾಡಿ ಘಾಟಿಯ ಇದೇ ಹೆದ್ದಾರಿಯಲ್ಲಿ, ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ, ಅಡುಗೆ ಅನಿಲದ ಟ್ಯಾಂಕರು ಉರುಳಿತು. ಈ ಅನಿಲ ಗಾಳಿಗಿಂತ ಭಾರ. ಮೇಲೇಳದೆ ನೀರಿನಂತೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ರಸ್ತೆ ಬದಿಯ ಮನೆಗಳವರೆಗೆ ಹೋಗಿ ಹೊತ್ತಿಕೊಂಡಿತು. ಮನೆಯೊಳಗಿದ್ದವರು ಬೆಂದರು. ಅವರು ಆ ಟ್ಯಾಂಕರಿನ ದಾರಿಗೆ ಹೋದವರಲ್ಲ.

ಆದ್ದರಿಂದ ಹೆದ್ದಾರಿ ಪಕ್ಕದ ಕೇಳುಗರಿಗೆ ಇಷ್ಟು ಹೇಳುತ್ತೇನೆ. ಟ್ಯಾಂಕರು ಉರುಳಿದರೆ ಕೊಡ, ಬಕೆಟ್ಟು ಹಿಡಿದು ಓಡಬೇಡಿ, ಫೋಟೊಗೆ ಹೋಗಬೇಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಸೋರಿಕೆಯ ಹತ್ತಿರ ಹಾಯದೆ ಗಾಳಿ ಬರುವ ಕಡೆಗೆ ದೂರ ಸರಿಯಿರಿ. ತಗ್ಗಿನಲ್ಲಿದ್ದರೆ ದಿಬ್ಬ ಹತ್ತಿ. ಒಲೆ ಆರಿಸಿ, ಆ ಹತ್ತಿರದಲ್ಲಿ ಬೈಕು ಸ್ಟಾರ್ಟ್ ಮಾಡಬೇಡಿ. ದೂರ ಹೋದ ಮೇಲೆ 112ಕ್ಕೆ ಫೋನು ಮಾಡಿ, ಕಂಡಿದ್ದರೆ ಆ ನಾಲ್ಕು ಅಂಕಿಯನ್ನು ಹೇಳಿ. ಬರುವವರು ನೊರೆ ತರಬೇಕೋ, ನೀರು ತರಬೇಕೋ, ಮುಖವಾಡ ತರಬೇಕೋ ಎಂಬುದು ಆ ಸಂಖ್ಯೆಯಿಂದ ತೀರ್ಮಾನವಾಗುತ್ತದೆ.

ನಿವೃತ್ತನಾದ ಮೇಲೆ ಊರಿಗೆ ಹೋಗುವಾಗ ಒಮ್ಮೆ ನೆಲ್ಯಾಡಿಯಲ್ಲಿ ಚಹಾಕ್ಕೆ ಇಳಿದಿದ್ದೆ. ಜೂನ್ ತಿಂಗಳು, ಘಾಟಿಯ ಮೇಲೆ ಮೋಡ ಕವಿದಿತ್ತು. ಅಂಗಡಿಗಳ ಸಾಲಿನಿಂದ ಬಹಳ ದೂರ, ಬಯಲಿನ ಆಚೆ ಅಂಚಿನಲ್ಲಿ ಒಂದು ಆಸಿಡ್ ಟ್ಯಾಂಕರು ನಿಂತಿತ್ತು. ಹಿಂದಿನ ಫಲಕ ತೊಳೆದು ಹೊಳೆಯುತ್ತಿತ್ತು. ಚಾಲಕ ವಯಸ್ಸಾದವನು, ಕ್ಲೀನರ್ ಹುಡುಗನ ಜೊತೆ ಚಕ್ರಕ್ಕೆ ಮರದ ತುಂಡು ಕೊಟ್ಟು, ಅಷ್ಟು ದೂರ ನಡೆದುಬಂದು ನನ್ನ ಬೆಂಚಿನಲ್ಲಿ ಕೂತ. ಚಹಾ ಕುಡಿಯುವ ಮುಂಚೆ ಹುಡುಗನನ್ನು ಕೇಳಿದ.

"ಏನೋ, ನಮ್ಮ ಬೆನ್ನ ಹಿಂದೆ ಏನಿದೆ ಇವತ್ತು?"

"ಹದಿನೆಂಟು ಮೂವತ್ತು, ಮಾಮ."

"ಅಂದ್ರೆ?"

"ಗಂಧಕದ ಆಸಿಡ್ಡು. ಗಟ್ಟೀದು."

"ಮಳೆ ಬಂದ್ರೆ?"

ಹುಡುಗ ಮೋಡ ನೋಡಿದ. ಚಹಾದ ಲೋಟವನ್ನು ಅಲ್ಲೇ ಬೆಂಚಿನ ಮೇಲೆ ಇಟ್ಟು, ಬಯಲು ದಾಟಿ ಓಡಿ, ಏಣಿ ಹತ್ತಿ, ಟ್ಯಾಂಕಿನ ನೆತ್ತಿಯ ಮುಚ್ಚಳದ ತಿರುಪುಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದ.